ವೆರಿಲಾಗ್ ಕಲಿಯೋಕೆ ಯಾವ ಲ್ಯಾಪ್‌ಟಾಪ್? ಮೊದಲು ನಿಮ್ಮ ಬೋರ್ಡ್ ನೋಡಿ

ಅಕ್ಕನ ಮಗಳು ತುಮಕೂರಿನಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್) ಓದುತ್ತಿದ್ದಾಳೆ. ಮೂರನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಫೋನ್ ಮಾಡಿದಳು. "ಚಿಕ್ಕಮ್ಮ, ಈ ಸಲ ವೆರಿಲಾಗ್ ಇದೆ. ಅಪ್ಪ ಲ್ಯಾಪ್‌ಟಾಪ್ ಕೊಡಿಸ್ತೀನಿ ಅಂದಿದ್ದಾರೆ. ಮೂರು ನೋಡಿಟ್ಟಿದ್ದೀನಿ, ಯಾವುದು ತಗೊಳ್ಳಲಿ ಹೇಳು." ಒಂದು ಗೇಮಿಂಗ್ ಲ್ಯಾಪ್‌ಟಾಪ್, ಒಂದು ಮ್ಯಾಕ್‌ಬುಕ್ ಏರ್, ಇನ್ನೊಂದು ಅಪ್ಪನ ಸ್ನೇಹಿತರು ಮಾರುತ್ತಿದ್ದ ಹಳೇ ಥಿಂಕ್‌ಪ್ಯಾಡ್ ಟಿ480. ಮೂರನೆಯದು ಅವಳಿಗೆ ಅಷ್ಟಾಗಿ ಇಷ್ಟವಿರಲಿಲ್ಲ. ಹಳೇದು, ದಪ್ಪ, ಕಪ್ಪು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಲ್ಯಾಬ್‌ನಲ್ಲಿ ಯಾವ ಬೋರ್ಡ್ ಇದೆ?"

"ಬೋರ್ಡಿಗೂ ಲ್ಯಾಪ್‌ಟಾಪಿಗೂ ಏನು ಸಂಬಂಧ?" ಅಂದಳು.

ಸಂಬಂಧ ಇದೆ, ಬೇಕಾದಷ್ಟಿದೆ. ವೆರಿಲಾಗ್ ಅಂದರೆ ಡಿಜಿಟಲ್ ಸರ್ಕ್ಯೂಟನ್ನು ಕೋಡ್ ಥರ ಬರೆಯುವ ಭಾಷೆ. ಬೋರ್ಡ್ ಅಂದರೆ ಹಾಗೆ ಬರೆದ ಸರ್ಕ್ಯೂಟನ್ನು ಓಡಿಸಿ ನೋಡೋಕೆ, ಮತ್ತೆ ಮತ್ತೆ ಬದಲಿಸಬಹುದಾದ ಎಫ್‌ಪಿಜಿಎ ಎಂಬ ಚಿಪ್ ಇರುವ ಹಲಗೆ. ಅವತ್ತು ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಚಿಪ್ ವೆರಿಫಿಕೇಶನ್ ಕೆಲಸ ಮಾಡುವ ನನಗೆ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ವಿಟಿಯುನ 2022ರ ಸ್ಕೀಮ್‌ನಲ್ಲಿ ಇಸಿಯವರಿಗೆ ವೆರಿಲಾಗ್ ಮೂರನೇ ಸೆಮಿಸ್ಟರ್‌ಗೇ ಬಂದುಬಿಡುತ್ತದೆ. ಅಷ್ಟು ಬೇಗ ಲ್ಯಾಪ್‌ಟಾಪ್ ಕೊಳ್ಳುವ ಮಕ್ಕಳು ತಪ್ಪಾದದ್ದನ್ನು ತಗೊಂಡು, ಮುಂದಿನ ಮೂರು ವರ್ಷ ಅದರ ಜೊತೆ ಗುದ್ದಾಡುವುದನ್ನು ನೋಡಿದರೆ ಬೇಜಾರಾಗುತ್ತದೆ.

ಭಾಷೆಗಲ್ಲ, ಟೂಲ್‌ಗೆ ಲ್ಯಾಪ್‌ಟಾಪ್

ಪೈಥಾನ್ ಕಲಿಯೋಕೆ ಯಾವ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ವೆರಿಲಾಗ್ ಹಾಗಲ್ಲ. ಇದರಲ್ಲಿ ನೀವು ಬರೆಯುವುದು ಸರ್ಕ್ಯೂಟ್. 1984ರ ಸುಮಾರಿಗೆ ಗೇಟ್‌ವೇ ಡಿಸೈನ್ ಆಟೊಮೇಶನ್ ಎಂಬ ಕಂಪನಿಯಲ್ಲಿ ಪ್ರಭು ಗೋಯಲ್, ಫಿಲ್ ಮೂರ್ಬಿ ಮತ್ತವರ ಜೊತೆಗಾರರು ಈ ಭಾಷೆ ಕಟ್ಟಿದರು. 1995ರಲ್ಲಿ ಅದು ಐಇಇಇ ಸ್ಟ್ಯಾಂಡರ್ಡ್ ಆಯಿತು. ಭಾಷೆಯೇನೋ ಎಲ್ಲರದ್ದೂ ಆಯಿತು. ಆದರೆ ಬರೆದ ಕೋಡನ್ನು ಚಿಪ್ಪಿನೊಳಗೆ ಕೂರಿಸುವ ಸಾಫ್ಟ್‌ವೇರ್ ಬಹುಮಟ್ಟಿಗೆ ಆಯಾ ಚಿಪ್ ಕಂಪನಿಯ ಕೈಯಲ್ಲೇ ಉಳಿಯಿತು.

ಬೋರ್ಡ್ ಮೇಲಿರುವುದು ಝೈಲಿಂಕ್ಸ್ ಚಿಪ್ ಆದರೆ ವಿವಾಡೊ ಬೇಕು. ಝೈಲಿಂಕ್ಸ್ 2022ರಿಂದ ಎಎಂಡಿಯದ್ದು. ಆಲ್ಟೆರಾ ಚಿಪ್ ಆದರೆ ಕ್ವಾರ್ಟಸ್. ಕಲಿಯುವವರಿಗೆ ಬೇಕಾದಷ್ಟು ಎರಡರಲ್ಲೂ ಉಚಿತವಾಗಿ ಸಿಗುತ್ತದೆ. ಎರಡೂ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಮಾತ್ರ ಓಡುತ್ತವೆ, ಅದೂ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇದ್ದರೆ. ಮ್ಯಾಕ್‌ಗೆ ಬರುವುದೇ ಇಲ್ಲ. ಹಾಗಾಗಿ ಮೊದಲು ಬೋರ್ಡ್ ಕೇಳಬೇಕು. ಬೋರ್ಡ್ ಟೂಲನ್ನು ಹೇಳುತ್ತದೆ, ಟೂಲ್ ಲ್ಯಾಪ್‌ಟಾಪನ್ನು ಹೇಳುತ್ತದೆ.

ನೀವು ಮಾಡುವ ಕೆಲಸವೂ ಒಂದೇ ಥರದ್ದಲ್ಲ. ಸಿಮ್ಯುಲೇಶನ್, ಅಂದರೆ ಬೋರ್ಡಿಲ್ಲದೆ ಲ್ಯಾಪ್‌ಟಾಪ್‌ನಲ್ಲೇ ಸರ್ಕ್ಯೂಟ್ ಓಡಿಸಿ ನೋಡುವುದು, ಹಗುರ. ಕೌಂಟರ್, ಸ್ಟೇಟ್ ಮೆಷಿನ್, ಪುಟ್ಟ ಎಎಲ್‌ಯು ಇವನ್ನೆಲ್ಲ ಐಕಾರಸ್ ವೆರಿಲಾಗ್ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಓಡಿಸಿ, ಜಿಟಿಕೆವೇವ್‌ನಲ್ಲಿ ವೇವ್‌ಫಾರ್ಮ್ ನೋಡೋಕೆ ಹತ್ತು ವರ್ಷದ ಹಳೇ ಲ್ಯಾಪ್‌ಟಾಪ್ ಸಾಕು. ಸಿಂಥಸಿಸ್ (ಕೋಡನ್ನು ಲಾಜಿಕ್ ಆಗಿ ಬದಲಿಸುವುದು) ಮತ್ತು ಅದರ ನಂತರದ ಪ್ಲೇಸ್ ಅಂಡ್ ರೂಟ್ ಭಾರ. ಯಾವ ಲಾಜಿಕ್ಕನ್ನು ಚಿಪ್ಪಿನ ಯಾವ ಮೂಲೆಯಲ್ಲಿ ಕೂರಿಸಬೇಕು, ಒಂದರಿಂದ ಇನ್ನೊಂದಕ್ಕೆ ತಂತಿ ಯಾವ ದಾರಿಯಲ್ಲಿ ಎಳೆಯಬೇಕು ಅಂತ ಟೂಲ್ ಲೆಕ್ಕ ಹಾಕುತ್ತದೆ. ನಮ್ಮ ಕಾಲೇಜುಗಳಲ್ಲಿ ಕಾಣಸಿಗುವ ಬೇಸಿಸ್ 3 ಬೋರ್ಡಿನ ಪುಟ್ಟ ಆರ್ಟಿಕ್ಸ್-7 ಚಿಪ್ಪಿನಲ್ಲೇ ಲಾಜಿಕ್ ಕೂರುವ ಪುಟ್ಟ ಗೂಡುಗಳು, ಅಂದರೆ ಲುಕಪ್ ಟೇಬಲ್‌ಗಳು, 20,800 ಇವೆ. ಲ್ಯಾಪ್‌ಟಾಪ್ ಬಿಸಿಯಾಗುವುದು ಈ ಲೆಕ್ಕದಲ್ಲಿ.

ಮೂರನೇ ಥರದ ಕೆಲಸ ಕೇಡೆನ್ಸ್, ಸಿನಾಪ್ಸಿಸ್ ಎಂಬ ಕಂಪನಿಗಳ ಚಿಪ್ ಡಿಸೈನ್ ಟೂಲ್‌ಗಳದ್ದು. ಅವು ಕಾಲೇಜಿನ ಅಥವಾ ಕಂಪನಿಯ ಲಿನಕ್ಸ್ ಸರ್ವರ್ ಮೇಲೆ ಓಡುತ್ತವೆ. ಲ್ಯಾಪ್‌ಟಾಪ್ ಅಲ್ಲಿಗೆ ಬರೀ ಕಿಟಕಿ. ಅದಕ್ಕಾಗಿ ಯಾರೂ ದುಬಾರಿ ಮಷಿನ್ ತಗೋಬೇಕಾಗಿಲ್ಲ.

ಮ್ಯಾಕ್‌ಬುಕ್ ಏರ್

ತುಂಬಾ ಒಳ್ಳೆಯ ಲ್ಯಾಪ್‌ಟಾಪ್. ಬ್ಯಾಟರಿ ಇಡೀ ದಿನ ಬರುತ್ತದೆ, ಸದ್ದಿಲ್ಲ, ಹಗುರ. ಐಕಾರಸ್, ವೆರಿಲೇಟರ್ ಎಂಬ ಸಿಮ್ಯುಲೇಟರ್‌ಗಳನ್ನೂ ಯೋಸಿಸ್ ಎಂಬ ಸಿಂಥಸಿಸ್ ಟೂಲನ್ನೂ ಹೋಮ್‌ಬ್ರೂ ಮೂಲಕ ಹಾಕಿಕೊಂಡರೆ ಸಿಮ್ಯುಲೇಶನ್ ಬಹಳ ಚುರುಕಾಗಿ ಆಗುತ್ತದೆ. ವೆರಿಲೇಟರ್ ನಿಮ್ಮ ವೆರಿಲಾಗನ್ನು ಸಿ++ ಕೋಡ್ ಮಾಡಿ, ಅದನ್ನು ಕಂಪೈಲ್ ಮಾಡಿ ಓಡಿಸುತ್ತದೆ. ಅಂಥ ಕೆಲಸದಲ್ಲಿ ಆಪಲ್ ಚಿಪ್ ನಿಜಕ್ಕೂ ಜೋರು.

ತೊಂದರೆ ಶುರುವಾಗುವುದು ಬೇಸಿಸ್ 3 ಕೈಗೆ ಬಂದ ದಿನ. ವಿವಾಡೊ ಇಲ್ಲ. ಡಾಕರ್ ಒಳಗೆ ಲಿನಕ್ಸ್ ಹಾಕಿ, ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಆಪಲ್ ಚಿಪ್ ಮೇಲೆ ಓಡಿಸುವ ರೋಸೆಟ್ಟಾ ಮೂಲಕ ವಿವಾಡೊ ಓಡಿಸುವ ದಾರಿಯೊಂದನ್ನು ಆಸಕ್ತರು ಮಾಡಿಟ್ಟಿದ್ದಾರೆ. ಕೆಲಸ ಮಾಡುತ್ತದೆ, ಆದರೆ ನಿಧಾನ. ಬೋರ್ಡಿಗೆ ಕೋಡ್ ಇಳಿಸೋಕೆ ಬೇರೆಯದೇ ದಾರಿ ಹಿಡಿಯಬೇಕು. ಸಾಲದ್ದಕ್ಕೆ, ರೋಸೆಟ್ಟಾದ ಪೂರ್ತಿ ಬೆಂಬಲ ಮ್ಯಾಕ್‌ಓಎಸ್ 27ರವರೆಗೆ ಮಾತ್ರ ಅಂತ ಆಪಲ್ 2025ರಲ್ಲೇ ಹೇಳಿದೆ. ಎರಡನೇ ವರ್ಷದಲ್ಲಿ ಕೊಂಡ ಲ್ಯಾಪ್‌ಟಾಪ್ ಕೊನೇ ವರ್ಷದ ಪ್ರಾಜೆಕ್ಟ್‌ವರೆಗೆ ಬರಬೇಕಲ್ವಾ? ಇಂಥ ತಾತ್ಕಾಲಿಕ ದಾರಿಯನ್ನು ನಂಬಿಕೊಂಡು ಡಿಗ್ರಿ ಮುಗಿಸಿ ಅಂತ ನಾನಂತೂ ಹೇಳಲಾರೆ.

ಒಂದು ವಿನಾಯಿತಿ ಇದೆ. ನಿಮ್ಮ ಬೋರ್ಡ್ ಟ್ಯಾಂಗ್ ನ್ಯಾನೊ 9ಕೆ ಅಥವಾ ಐಸ್40 ಚಿಪ್ ಇರುವಂಥದ್ದಾದರೆ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಎಂಬ ಓಪನ್ ಸೋರ್ಸ್ ಟೂಲ್‌ಗಳಲ್ಲೇ ಕೆಲಸ ಮುಗಿಯುತ್ತದೆ. ಅವು ಮ್ಯಾಕ್‌ನಲ್ಲಿ ಸಲೀಸಾಗಿ ಓಡುತ್ತವೆ. ಮನೆಯಲ್ಲಿ ಮ್ಯಾಕ್ ಆಗಲೇ ಇದ್ದರೆ ಅದನ್ನು ಮಾರಬೇಡಿ, ಇಂಥ ಬೋರ್ಡ್ ತಗೊಳ್ಳಿ.

ಸ್ನಾಪ್‌ಡ್ರ್ಯಾಗನ್ ವಿಂಡೋಸ್ ಲ್ಯಾಪ್‌ಟಾಪ್

ಇದು ವೆರಿಲಾಗ್‌ಗೆ ಬೇಡ. 2024ರಿಂದ ಅಂಗಡಿಗಳಲ್ಲಿ ಇವು ಜಾಸ್ತಿ ಕಾಣುತ್ತಿವೆ. ಹೊರಗಿಂದ ನೋಡಿದರೆ ಮಾಮೂಲಿ ವಿಂಡೋಸ್ ಲ್ಯಾಪ್‌ಟಾಪ್ ಥರವೇ ಇರುತ್ತವೆ, ಒಳಗೆ ಎಆರ್‌ಎಂ ಪ್ರೊಸೆಸರ್. ಇಂಟೆಲ್‌ಗೆ ಬರೆದ ಸಾಫ್ಟ್‌ವೇರನ್ನು ಅನುಕರಣೆ ಮಾಡಿ ಓಡಿಸುತ್ತದೆ ನಿಜ. ಆದರೆ ಆ ಅನುಕರಣೆ ಡ್ರೈವರ್‌ಗಳಿಗೆ ಅನ್ವಯಿಸುವುದಿಲ್ಲ. ಬೋರ್ಡಿನ ಯುಎಸ್‌ಬಿ ಕೇಬಲ್‌ಗೆ ಬೇಕಾಗುವುದೇ ಡ್ರೈವರ್. ಅಂಗಡಿಯಲ್ಲಿ ಪ್ರೊಸೆಸರ್ ಹೆಸರನ್ನು ನೀವೇ ಓದಿ, ಹೇಳಿದ್ದನ್ನು ನಂಬಿ ಬರಬೇಡಿ.

ಗೇಮಿಂಗ್ ಲ್ಯಾಪ್‌ಟಾಪ್

ಅಕ್ಕನ ಮಗಳ ಮನಸ್ಸು ಇದರ ಮೇಲಿತ್ತು. ಅಂಗಡಿಯವರು "ವಿಎಲ್‌ಎಸ್‌ಐಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು" ಅಂದಿದ್ದರಂತೆ. ವಿಎಲ್‌ಎಸ್‌ಐ ಅಂದರೆ ಚಿಪ್ ಡಿಸೈನ್. ಇದು ತಪ್ಪು. ವಿವಾಡೊ ಆಗಲಿ, ಕ್ವಾರ್ಟಸ್ ಆಗಲಿ, ಐಕಾರಸ್ ಆಗಲಿ ಸಿಂಥಸಿಸ್, ಪ್ಲೇಸ್ ಅಂಡ್ ರೂಟ್, ಸಿಮ್ಯುಲೇಶನ್ ಯಾವುದಕ್ಕೂ ಗ್ರಾಫಿಕ್ಸ್ ಕಾರ್ಡ್ ಮುಟ್ಟುವುದಿಲ್ಲ. ನೀವು ಕೊಟ್ಟ ದುಡ್ಡಿನ ದೊಡ್ಡ ಪಾಲು ಸುಮ್ನೆ ಕೂತಿರುತ್ತದೆ.

ಹಾಗಂತ ಗೇಮಿಂಗ್ ಲ್ಯಾಪ್‌ಟಾಪ್ ಕೆಟ್ಟದ್ದಲ್ಲ. ಅದರ ಫ್ಯಾನ್ ದೊಡ್ಡದು, ಹತ್ತಿಪ್ಪತ್ತು ನಿಮಿಷ ಪ್ರೊಸೆಸರ್ ಪೂರ್ತಿ ದುಡಿದರೂ ವೇಗ ಬೀಳುವುದಿಲ್ಲ. ರ‍್ಯಾಮ್‌ಗೆ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ. ಮಷಿನ್ ಲರ್ನಿಂಗ್ ಕೂಡ ಮಾಡುವ ಆಸೆ ಇದ್ದರೆ ಧಾರಾಳವಾಗಿ ತಗೊಳ್ಳಿ. ಆದರೆ ಎರಡು ಕಿಲೋ ಮೀರಿದ ಲ್ಯಾಪ್‌ಟಾಪ್, ಇಟ್ಟಿಗೆಯಂಥ ಚಾರ್ಜರ್ ಎರಡನ್ನೂ ದಿನಾ ಬಸ್ಸಿನಲ್ಲಿ ಹೊರಬೇಕು. ತುಮಕೂರಿನ ಬಸ್ಸಿನಲ್ಲಿ ಬೆಳಗ್ಗೆ ನಿಂತುಕೊಂಡೇ ಹೋಗುವ ಹುಡುಗಿಗೆ ಅದು ಸಣ್ಣ ಮಾತಲ್ಲ.

ಮಾಮೂಲಿ ಹೊಸ ಲ್ಯಾಪ್‌ಟಾಪ್, ಮತ್ತು ಹಳೇ ಥಿಂಕ್‌ಪ್ಯಾಡ್

ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ.

ಹೊಸದಾಗಿ ಕೊಳ್ಳುವುದಾದರೆ ರೈಝೆನ್ 5 ಅಥವಾ ಕೋರ್ ಐ5 ಮಟ್ಟದ್ದು, 14 ಇಂಚಿನದು, ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದು ಸಾಕು. ಹೊಸ ಪ್ರೊಸೆಸರ್ ಖಂಡಿತ ಚುರುಕು. ನನ್ನ ಅನುಭವದಲ್ಲಿ ಹೊಸದರಲ್ಲಿ ಎರಡು ಮೂರು ನಿಮಿಷಕ್ಕೆ ಬಿಟ್‌ಸ್ಟ್ರೀಮ್ (ಬೋರ್ಡಿಗೆ ಇಳಿಸುವ ಫೈಲ್) ಆಗುವ ಲ್ಯಾಬ್ ಡಿಸೈನ್, ಟಿ480ಯಂಥದ್ದರಲ್ಲಿ ಐದಾರು ನಿಮಿಷ ತಗೊಳ್ಳುತ್ತದೆ. ವಾರಂಟಿ ಇರುತ್ತದೆ. ಬ್ಯಾಟರಿ ಹೊಸದಾಗಿರುತ್ತದೆ.

ಟಿ480 ಬಂದದ್ದು 2018ರಲ್ಲಿ. ಅದರಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುತ್ತದೆ. ಈ ತಲೆಮಾರಿನ ಲೆಕ್ಕ ಮುಖ್ಯ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11 ಇಂಟೆಲ್‌ನ 8ನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳನ್ನು ಹೆಚ್ಚುಕಡಿಮೆ ಕೈಬಿಟ್ಟಿದೆ. ಅದೇ ಸಾಲಿನ ಒಂದು ವರ್ಷ ಹಳೆಯ ಟಿ470 ಇನ್ನೂ ಅಗ್ಗಕ್ಕೆ ಸಿಗಬಹುದು. ಲಿನಕ್ಸ್ ಮಾತ್ರ ಹಾಕುವವರಿಗೆ ಸರಿ, ವಿಂಡೋಸ್ ಬೇಕಾದವರಿಗೆ ಬೇಡ. ಟಿ480ಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್, ಹಳೇ ನಮೂನೆಯ ಅಗಲದ ಯುಎಸ್‌ಬಿ-ಎ ಪೋರ್ಟ್, ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಎಲ್ಲ ಇವೆ. ಬೋರ್ಡಿಗೆ ಅಂತ ಬೇರೆ ಡಾಂಗಲ್ ಕೊಳ್ಳಬೇಕಾಗಿಲ್ಲ. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಸಾಲಿನಲ್ಲೂ ಇಂಥವೇ ಸಿಗುತ್ತವೆ. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟವು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರಾಶಿ ಬಿದ್ದಿರುತ್ತವೆ.

ನನ್ನ ಒಲವು ಹಳೆಯದರ ಕಡೆಗೆ. ಯಾಕೆಂದರೆ ಉಳಿದ ದುಡ್ಡಲ್ಲಿ ಸ್ವಂತ ಬೋರ್ಡ್ ತಗೋಬಹುದು. ಲ್ಯಾಬಿನಲ್ಲಿ ವಾರಕ್ಕೆ ಎರಡು ಗಂಟೆ ಮೂವರು ಸೇರಿ ಮುಟ್ಟುವ ಬೋರ್ಡಿಗೂ, ರಾತ್ರಿ ಹಾಸಿಗೆ ಪಕ್ಕದಲ್ಲಿ ಎಲ್‌ಇಡಿ ಮಿಣುಕುತ್ತಾ ಇರುವ ನಿಮ್ಮದೇ ಬೋರ್ಡಿಗೂ ಅಜಗಜಾಂತರ. ಸಿಮ್ಯುಲೇಶನ್‌ನಲ್ಲಿ ಸರಿಯಿದ್ದದ್ದು ಬೋರ್ಡಿನಲ್ಲಿ ಯಾಕೆ ತಪ್ಪುತ್ತದೆ ಅಂತ ತಲೆ ಕೆಡಿಸಿಕೊಂಡಾಗಲೇ ವೆರಿಲಾಗ್ ಒಳಗೆ ಇಳಿಯುವುದು. ಸ್ವಿಚ್ ಒಂದು ಸಲ ಒತ್ತಿದರೆ ಕೌಂಟರ್ ಏಳಕ್ಕೆ ಹಾರುತ್ತದೆ. ಬೌನ್ಸ್ (ಒಂದು ಸಲ ಒತ್ತಿದ ಸ್ವಿಚ್ ಅದುರಿ ಹಲವು ಸಲ ಒತ್ತಿದಂತಾಗುವುದು) ಅಂದರೆ ಏನು ಅಂತ ಅವತ್ತು ಗೊತ್ತಾಗುತ್ತದೆ.

ರ‍್ಯಾಮ್ ವಿಷಯದಲ್ಲಿ ರಾಜಿ ಬೇಡ

8 ಜಿಬಿ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ವಿಂಡೋಸ್ 11 ತಾನೇ ಮೂರು ನಾಲ್ಕು ಜಿಬಿ ಹಿಡಿಯುತ್ತದೆ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಇನ್ನೆರಡು. ಪುಟ್ಟ ಆರ್ಟಿಕ್ಸ್ ಚಿಪ್ಪಿಗೆ ವಿವಾಡೊ ಇನ್ನೆರಡು ಮೂರು ಕೇಳುತ್ತದೆ. ಅಲ್ಲಿಗೆ ತುಂಬಿತು. ಆಮೇಲೆ ಡಿಸ್ಕನ್ನೇ ರ‍್ಯಾಮ್ ಥರ ಬಳಸೋಕೆ ಶುರುಮಾಡುತ್ತದೆ, ಮೌಸ್ ಕೂಡ ತಡವರಿಸುತ್ತದೆ. 16 ಜಿಬಿ ಇದ್ದರೆ ನೆಮ್ಮದಿ. ದೊಡ್ಡ ಅಲ್ಟ್ರಾಸ್ಕೇಲ್ ಚಿಪ್‌ಗಳ ಪ್ರಾಜೆಕ್ಟ್ ಮಾಡುವವರಿಗೆ 32. ಯಾವ ಚಿಪ್ಪಿಗೆ ಎಷ್ಟು ಮೆಮೊರಿ ಬೇಕು ಅನ್ನುವ ಪಟ್ಟಿಯನ್ನು ಎಎಂಡಿ ತನ್ನ ಸೈಟಿನಲ್ಲೇ ಹಾಕಿದೆ, ಕೊಳ್ಳುವ ಮೊದಲು ನೋಡಿ.

ಎಷ್ಟು ಜಿಬಿ ಅನ್ನುವಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಮುಂದೆ ಸೇರಿಸಬಹುದಾ ಅನ್ನುವುದು. ಸ್ಪೆಸಿಫಿಕೇಶನ್‌ನಲ್ಲಿ ಎಲ್‌ಪಿಡಿಡಿಆರ್ ಅಂತಿದ್ದರೆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ ಅಂದುಕೊಳ್ಳಿ. ಅಂಥದ್ದನ್ನು 8 ಜಿಬಿಯಲ್ಲಿ ಕೊಂಡರೆ ಕೊನೆಯವರೆಗೂ 8 ಜಿಬಿಯೇ. ಬರೀ ಡಿಡಿಆರ್4 ಅಥವಾ ಡಿಡಿಆರ್5 ಅಂತಿದ್ದರೆ ಸ್ಲಾಟ್ ಎಷ್ಟಿವೆ, ಖಾಲಿ ಎಷ್ಟಿವೆ ಅಂತ ಕೇಳಿ. ದುಡ್ಡು ಸೇರಿದಾಗ ಒಂದು ಕಡ್ಡಿ ತಂದು ನೀವೇ ಹಾಕಬಹುದು, ಸ್ಕ್ರೂಡ್ರೈವರ್ ಇದ್ದರೆ ಹತ್ತು ನಿಮಿಷದ ಕೆಲಸ.

ಡಿಸ್ಕ್, ಮತ್ತು ನನ್ನ ಒಂದು ರಾತ್ರಿ

ವಿವಾಡೊದ ಇತ್ತೀಚಿನ ಆವೃತ್ತಿಗಳಲ್ಲಿ ಎಲ್ಲವನ್ನೂ ಟಿಕ್ ಮಾಡಿ ಹಾಕಿದರೆ 100 ಜಿಬಿ ದಾಟುತ್ತದೆ. ಇನ್‌ಸ್ಟಾಲ್ ಮಾಡುವಾಗ ಚಿಪ್ ಕುಟುಂಬಗಳ ಪಟ್ಟಿ ಬರುತ್ತದೆ. ಬೇಸಿಸ್ 3 ಬಳಸುವವರು ಅಲ್ಲಿ 7 ಸೀರೀಸ್ ಮಾತ್ರ ಬಿಟ್ಟು ಉಳಿದ ಟಿಕ್ ತೆಗೆಯಿರಿ (ಆರ್ಟಿಕ್ಸ್-7 ಅದರಲ್ಲೇ ಬರುತ್ತದೆ). ಜೊತೆಗೆ ಬರುವ ವಿಟಿಸ್ ಎಂಬ ಸಾಫ್ಟ್‌ವೇರ್ ಕೂಡ ಬೇಡ. ಆಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದರೂ 256 ಜಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಲಿನಕ್ಸ್, ವಿವಾಡೊ ಎಲ್ಲ ಹಿಡಿಸುವುದು ಕಷ್ಟ. 512 ಇರಲಿ.

ಡಿಸ್ಕ್ ತುಂಬುವ ಇನ್ನೊಂದು ದಾರಿಯನ್ನು ಕಲಿಯುವ ದಿನಗಳಲ್ಲಿ ನಾನೇ ಕಂಡೆ. ಟೆಸ್ಟ್‌ಬೆಂಚ್‌ನಲ್ಲಿ (ಡಿಸೈನನ್ನು ಪರೀಕ್ಷಿಸುವ ಕೋಡ್) ಕ್ಲಾಕ್ ಓಡುತ್ತಲೇ ಇತ್ತು. ಎಲ್ಲ ಸಿಗ್ನಲ್‌ಗಳನ್ನೂ ಫೈಲಿಗೆ ಬರೆಯುವಂತೆ ಡಂಪ್‌ವಾರ್ಸ್ ಹಾಕಿದ್ದೆ. ಕೊನೆಯಲ್ಲಿ ಸಿಮ್ಯುಲೇಶನ್ ನಿಲ್ಲಿಸುವ ಫಿನಿಶ್ ಬರೆಯುವುದು ಮರೆತಿದ್ದೆ. ರನ್ ಕೊಟ್ಟು ಮಲಗಿದೆ. ಬೆಳಗ್ಗೆ ಎದ್ದಾಗ ಡಿಸ್ಕ್ ಪೂರ್ತಿ ತುಂಬಿ ಲ್ಯಾಪ್‌ಟಾಪ್ ಕಲ್ಲಾಗಿತ್ತು, ಲಾಗಿನ್ ಕೂಡ ಆಗಲಿಲ್ಲ. ಸಿಗ್ನಲ್‌ಗಳನ್ನು ಬರೆದಿಡುವ ಆ ವಿಸಿಡಿ ಫೈಲ್ ಅಂದರೆ ಬರೀ ಟೆಕ್ಸ್ಟ್. ಪ್ರತಿ ತಂತಿ 0ಯಿಂದ 1ಕ್ಕೆ ಹೋದಾಗಲೂ ಒಂದು ಸಾಲು ಬರೆಯುತ್ತದೆ. ಈಗ ಎಫ್‌ಎಸ್‌ಟಿ ಎಂಬ ಚಿಕ್ಕ ಫೈಲ್ ನಮೂನೆ ಇದೆ, ಐಕಾರಸ್ ಮತ್ತು ವೆರಿಲೇಟರ್ ಎರಡೂ ಅದನ್ನು ಬರೆಯುತ್ತವೆ. ಅದನ್ನೇ ಬಳಸಿ.

ಕೋರ್‌ಗಳ ಸಂಖ್ಯೆಗೆ ಮರುಳಾಗಬೇಡಿ

ಪ್ಲೇಸ್ ಅಂಡ್ ರೂಟ್ ಕೆಲಸವನ್ನು ಬಹಳ ತುಂಡು ಮಾಡಿ ಹಂಚೋಕೆ ಬರುವುದಿಲ್ಲ. ವಿವಾಡೊ ತಾನಾಗಿ ಬಳಸುವುದು ವಿಂಡೋಸ್‌ನಲ್ಲಿ 2 ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ), ಲಿನಕ್ಸ್‌ನಲ್ಲಿ 8. ಸೆಟ್ಟಿಂಗ್‌ನಲ್ಲಿ ಇದನ್ನು ಹೆಚ್ಚಿಸಬಹುದು, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಆದರೂ 16 ಕೋರ್‌ಗೆ ದುಡ್ಡು ಸುರಿಯುವ ಬದಲು, ಒಂದೊಂದು ಕೋರ್ ಎಷ್ಟು ಚುರುಕು ಅಂತ ನೋಡುವುದು ಮೇಲು. ಜೊತೆಗೆ ಫ್ಯಾನ್ ಇರಲಿ. ತೀರಾ ತೆಳ್ಳಗಿನ ಲ್ಯಾಪ್‌ಟಾಪ್ ಮೊದಲ ಎರಡು ನಿಮಿಷ ಓಡಿ, ಆಮೇಲೆ ಬಿಸಿಗೆ ಸುಸ್ತಾಗುತ್ತದೆ.

ವಿಂಡೋಸಾ, ಲಿನಕ್ಸಾ?

ಸಾಧ್ಯವಾದರೆ ಎರಡೂ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಡಿಸೈನ್ ಕೆಲಸ ನಡೆಯುವುದು ಲಿನಕ್ಸ್‌ನಲ್ಲಿ. ಇಂಟರ್ವ್ಯೂಗೆ ಬಂದವರಿಗೆ ಗ್ರೆಪ್, ಮೇಕ್‌ಫೈಲ್‌ನಂಥ ಲಿನಕ್ಸ್ ಕೆಲಸ ಬಂದರೆ ನಮಗೆ ಖುಷಿ. ಉಬುಂಟುವಿನ ಯಾವ ಆವೃತ್ತಿಗೆ ಬೆಂಬಲ ಇದೆ ಅಂತ ವಿವಾಡೊದ ರಿಲೀಸ್ ನೋಟ್ಸ್‌ನಲ್ಲಿರುತ್ತದೆ, ಅದನ್ನೇ ಹಾಕಿ. ಕೇಬಲ್ ಡ್ರೈವರ್‌ಗೆ ಬೇರೆ ಸ್ಕ್ರಿಪ್ಟ್ ಇದೆ. ಇನ್‌ಸ್ಟಾಲ್ ಆದಮೇಲೆ ಅದನ್ನು ನಾವೇ ಓಡಿಸಬೇಕು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಸಿಮ್ಯುಲೇಶನ್‌ಗೆ ಚೆನ್ನಾಗಿದೆ. ಆದರೆ ಯುಎಸ್‌ಬಿ ಅದರೊಳಗೆ ನೇರವಾಗಿ ಬರುವುದಿಲ್ಲ, ಅದಕ್ಕೆ ಇನ್ನೊಂದು ಸಾಫ್ಟ್‌ವೇರ್ ಬೇಕು. ಡ್ಯುಯಲ್ ಬೂಟ್ (ಒಂದೇ ಲ್ಯಾಪ್‌ಟಾಪ್‌ಗೆ ಎರಡನ್ನೂ ಹಾಕುವುದು) ಮಾಡುವ ಮೊದಲು ಬಿಟ್‌ಲಾಕರ್, ಅಂದರೆ ವಿಂಡೋಸ್ ಡಿಸ್ಕಿಗೆ ಹಾಕುವ ಬೀಗದ, ರಿಕವರಿ ಕೀ ಬರೆದಿಟ್ಟುಕೊಳ್ಳಿ.

ವಿಂಡೋಸ್‌ನಲ್ಲಿ ಪ್ರಾಜೆಕ್ಟನ್ನು ಡೆಸ್ಕ್‌ಟಾಪ್ ಮೇಲೆ ಇಡಬೇಡಿ. ಫೈಲ್ ದಾರಿ 260 ಅಕ್ಷರ ದಾಟಿದರೆ ವಿವಾಡೊ ತಕರಾರು ತೆಗೆಯುತ್ತದೆ, ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೂ ಕೆಲವೊಮ್ಮೆ ಎಡವುತ್ತದೆ. ಸಿ ಡ್ರೈವ್‌ನಲ್ಲೇ ನಾಲ್ಕಕ್ಷರದ ಫೋಲ್ಡರ್ ಮಾಡಿ.

ಕೀಬೋರ್ಡ್

ವೆರಿಲಾಗ್‌ನಲ್ಲಿ ಎರಡು ಪುಟ್ಟ ಗುರುತುಗಳಿವೆ. ಟೈಮ್‌ಸ್ಕೇಲ್, ಡಿಫೈನ್, ಇನ್‌ಕ್ಲೂಡ್ ಪದಗಳ ಮೊದಲು ಬರುವುದು ಎಸ್ಕೇಪ್ ಕೀ ಕೆಳಗಿನ ಬ್ಯಾಕ್‌ಟಿಕ್. ನಾಲ್ಕು ಬಿಟ್‌ನ ಸಂಖ್ಯೆ ಬರೆಯುವಾಗ 4ರ ನಂತರ ಬರುವುದು ಎಂಟರ್ ಪಕ್ಕದ ಅಪಾಸ್ಟ್ರಫಿ. ಹೊಸಬರು ಮೊದಲ ವಾರ ಇವೆರಡನ್ನು ಅದಲುಬದಲು ಮಾಡಿ ಎರರ್ ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತಾರೆ. ಕೊಳ್ಳುವ ಮೊದಲು ಎರಡೂ ಕೀಗಳನ್ನು ಒತ್ತಿ ನೋಡಿ. ಪರದೆ 16:10 ಅಳತೆಯದ್ದಾದರೆ ಕೋಡಿನ ಕೆಳಗೆ ವೇವ್‌ಫಾರ್ಮ್‌ಗೂ ಜಾಗ ಸಿಗುತ್ತದೆ. ಇದು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಈಗ ದುಡ್ಡೇ ಇಲ್ಲ ಅನ್ನುವವರಿಗೆ

ಕಾಯಿರಿ, ಸಾಲ ಮಾಡಬೇಡಿ. ಮನೆಯಲ್ಲಿರುವ 4 ಜಿಬಿಯ ಹಳೇ ಲ್ಯಾಪ್‌ಟಾಪ್‌ಗೆ ಹಗುರವಾದ ಲಿನಕ್ಸ್ ಹಾಕಿ ಐಕಾರಸ್ ಓಡಿಸಿ. ಅದೂ ಇಲ್ಲದಿದ್ದರೆ ಇಡಿಎ ಪ್ಲೇಗ್ರೌಂಡ್ ಬ್ರೌಸರ್‌ನಲ್ಲೇ ಓಡುತ್ತದೆ, ಲೈಬ್ರರಿಯ ಕಂಪ್ಯೂಟರ್ ಸಾಕು. ನಿಮ್ಮ ಡಿಸೈನನ್ನು ನಿಜವಾದ ಚಿಪ್ಪಿನಲ್ಲಿ ಮಾಡಿಸಿಕೊಡುವ ಟೈನಿ ಟೇಪ್‌ಔಟ್‌ನಲ್ಲಂತೂ ಡಿಸೈನನ್ನು ಚಿಪ್ ಲೇಔಟ್ ಮಾಡುವ ಭಾರದ ಕೆಲಸ ಗಿಟ್‌ಹಬ್‌ನ ಸರ್ವರ್‌ಗಳಲ್ಲಿ ನಡೆಯುತ್ತದೆ.

ಅಕ್ಕನ ಮಗಳ ಲ್ಯಾಬ್‌ನಲ್ಲಿ ಇದ್ದದ್ದು ಬೇಸಿಸ್ 3. ಟಿ480 ತಗೊಂಡಳು. 8 ಜಿಬಿಯ ಇನ್ನೊಂದು ಕಡ್ಡಿ ಮತ್ತು 512 ಜಿಬಿ ಎಸ್‌ಎಸ್‌ಡಿ ಹಾಕಿಸಿದೆವು. ಉಳಿದದ್ದರಲ್ಲಿ ಟ್ಯಾಂಗ್ ನ್ಯಾನೊ 9ಕೆ ಬಂತು.

ನೀವೂ ಹಳೇದು ಕೊಳ್ಳಲು ಹೋಗುವುದಾದರೆ ಉಬುಂಟು ಇರುವ ಪೆನ್‌ಡ್ರೈವ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಅದರಿಂದ ಬೂಟ್ ಮಾಡಿಸಿ. ವೈಫೈ, ಪ್ರತಿಯೊಂದು ಯುಎಸ್‌ಬಿ ಪೋರ್ಟ್, ಕ್ಯಾಮೆರಾ ನೋಡಿ. ಬಯಾಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವಾಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇದ್ದರೆ ಆ ಲ್ಯಾಪ್‌ಟಾಪ್ ಬಿಟ್ಟುಬಿಡಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಅನ್ನುವುದನ್ನು ಉಬುಂಟುವಿನಲ್ಲೇ ನೋಡಬಹುದು. ಅರ್ಧಕ್ಕಿಂತ ಕಡಿಮೆ ಇದ್ದರೆ ಬೇರೆ ಬ್ಯಾಟರಿ ಹಾಕಿಸಿಕೊಡಿ ಅಂತ ಕೇಳಿ. ಬಿಲ್ ತಗೊಳ್ಳಿ. ಬರುವಾಗ ಅದೇ ರಸ್ತೆಯಲ್ಲಿ ನಿಮ್ಮ ಬೋರ್ಡಿಗೆ ಹೊಂದುವ ಒಂದು ಒಳ್ಳೆಯ ಯುಎಸ್‌ಬಿ ಕೇಬಲ್ ಕೂಡ ತಗೊಂಡು ಬನ್ನಿ, ಡೇಟಾ ಹೋಗುವಂಥದ್ದೇ ಬೇಕು ಅಂತ ಬಾಯಿಬಿಟ್ಟು ಕೇಳಿ. ಬರೀ ಚಾರ್ಜ್ ಮಾಡುವ ಕೇಬಲ್ ಹಾಕಿದರೆ ಬೋರ್ಡಿನ ಪವರ್ ದೀಪ ಹತ್ತುತ್ತದೆ, ಟೂಲ್‌ಗೆ ಮಾತ್ರ ಬೋರ್ಡ್ ಕಾಣುವುದಿಲ್ಲ. ಅವಳು ಮೊದಲ ಭಾನುವಾರ ಪೂರ್ತಿ ಡ್ರೈವರ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ್ದು ಇದರಿಂದಲೇ.